ಮೆರಿನೊದ ಗುಬ್ಬಚ್ಚಿ, ಬಳ್ಳಾರಿಯ ತಿಪ್ಪೆ

ನಮ್ಮ ಬೆಟ್ಟದ ಹಳ್ಳಿಗಳಲ್ಲಿ ಈಚೆಗೆ ‘ಪರಿಸರಸ್ನೇಹಿ ಉಡುಗೊರೆ’ ತಯಾರಿಕೆಯ ಶಿಬಿರಗಳು ಒಂದರ ಹಿಂದೊಂದು ನಡೆಯುತ್ತಿವೆ. ಕಳೆದ ಮಳೆಗಾಲದ ಕೊನೆಯಲ್ಲಿ ಅಂಥದೊಂದು ಶಿಬಿರಕ್ಕೆ ನಾನೂ ಹೋಗಿದ್ದೆ. ಉಣ್ಣೆ ಮತ್ತು ರೇಷ್ಮೆಯಿಂದ ಫೆಲ್ಟ್ ಮಾಡುವುದು ಅಲ್ಲಿನ ಪಾಠ. ಅಂದರೆ ನೂಲದೆ, ನೇಯದೆ, ಬಿಸಿನೀರು ಮತ್ತು ಸಾಬೂನಿನಲ್ಲಿ ಉಜ್ಜಿ ಉಜ್ಜಿ ಉಣ್ಣೆಯನ್ನೇ ಗಟ್ಟಿ ಬಟ್ಟೆಯಾಗಿಸುವುದು. ನಮ್ಮ ಹೆಣ್ಣುಮಕ್ಕಳು ಒಂದೇ ದಿನದಲ್ಲಿ ಅಂದವಾದ ಗುಬ್ಬಚ್ಚಿ, ಕಿವಿಯೋಲೆ, ಮೊಬೈಲ್ ಚೀಲಗಳನ್ನು ಮಾಡಿದರು. ಅವರ ಕೈಚಳಕದ ಬಗ್ಗೆ ನನ್ನ ತಕರಾರು ಇಲ್ಲ. ಉಣ್ಣೆಯ ಪೊಟ್ಟಣವನ್ನು ತಿರುಗಿಸಿ ಓದಿದೆ: ಆಸ್ಟ್ರೇಲಿಯದ ಮೆರಿನೊ. ಪಕ್ಕದಲ್ಲಿ ‘ಫೆಲ್ಟ್’ ಎಂದೇ ಕರೆಯಲಾಗುತ್ತಿದ್ದ ಬಣ್ಣದ ಹಾಳೆಗಳಿದ್ದವು. ಅವುಗಳಲ್ಲಿ ಉಣ್ಣೆಯ ಎಳೆಯೊಂದೂ ಇರಲಿಲ್ಲ, ಅದು ಶುದ್ಧ ಪಾಲಿಯೆಸ್ಟರ್. ಪ್ಲಾಸ್ಟಿಕ್ ವಿರುದ್ಧ ಘೋಷಣೆ ಬರೆದ ಫಲಕದ ಕೆಳಗೇ ಇದೆಲ್ಲ ನಡೆಯಿತು.

ಅದಕ್ಕೆ ಕೆಲವು ವಾರಗಳ ಹಿಂದೆ ಭತ್ತದ ಕೆಲಸದ ನಿಮಿತ್ತ ನಾನು ಸಿರುಗುಪ್ಪಕ್ಕೆ ಹೋಗಿದ್ದೆ. ಅಲ್ಲಿಂದ ಕುರುಗೋಡಿನ ಮೇಲೆ ಬಳ್ಳಾರಿಗೆ ಮರಳುವಾಗ ರಸ್ತೆಯ ಪಕ್ಕದ ಕುರಿಹಟ್ಟಿಯೊಂದರ ಬಳಿ ವಾಹನ ನಿಲ್ಲಿಸಿದೆವು. ಆಗಷ್ಟೇ ಕತ್ತರಿಸಿದ ಉಣ್ಣೆ ಕಪ್ಪು, ಬಿಳಿ, ಕಂದು ಬಣ್ಣಗಳಲ್ಲಿ ತಿಪ್ಪೆಯ ಮೇಲೆ ಬಿದ್ದಿತ್ತು. ಕೊಳ್ಳುವವರಿಲ್ಲ, ಮಾರಿದರೂ ಕತ್ತರಿಸುವವನ ಕೂಲಿ ಹುಟ್ಟುವುದಿಲ್ಲ, ಕತ್ತರಿಸದೆ ಬಿಟ್ಟರೆ ಕುರಿಗೆ ಉಣ್ಣಿ, ಹೇನು. ಇಷ್ಟನ್ನೂ ಆ ಕುರಿಗಾಹಿ ಯಾವ ದೂರೂ ಇಲ್ಲದ ದನಿಯಲ್ಲಿ ಹೇಳಿದ. ಸಾವಿರಾರು ಮೈಲಿ ಆಚೆಯಿಂದ ಹಡಗಿನಲ್ಲಿ ಉಣ್ಣೆ ತರಿಸಿಕೊಂಡು ನಾವು ಪರಿಸರಸ್ನೇಹಿಗಳಾಗುತ್ತೇವೆ. ನಮ್ಮದೇ ನಾಡಿನ ಉಣ್ಣೆ ತಿಪ್ಪೆಯಲ್ಲಿ ಕೊಳೆಯುತ್ತದೆ. ಈ ಸ್ನೇಹ ಯಾರೊಂದಿಗೆ?

ಇದು ನಿನ್ನೆ ಮೊನ್ನೆಯ ಕಸುಬಲ್ಲ. ಬಳ್ಳಾರಿ–ಹೊಸಪೇಟೆ ದಾರಿಯಲ್ಲಿರುವ ಕುಡುತಿನಿಯ ಬೂದಿದಿಬ್ಬವು ನವಶಿಲಾಯುಗದ ಪಶುಪಾಲಕರು ಸುಟ್ಟ ಸಗಣಿಯ ರಾಶಿಯೆಂದು ಪುರಾತತ್ತ್ವಜ್ಞರು ಗುರುತಿಸಿದ್ದಾರೆ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಉತ್ಖನನದ ವರದಿ 1965ರಲ್ಲಿ ಪ್ರಕಟವಾಯಿತು. ಅದರ ಶೀರ್ಷಿಕೆಯೇ ಆ ಜನರನ್ನು ಶಿಲಾಯುಗದ ಬೆಟ್ಟವಾಸಿಗಳೆಂದು ಕರೆಯುತ್ತದೆ. (ಬೆಟ್ಟದವರು ನಾವೊಬ್ಬರೇ ಎಂಬ ಜಂಬ ನಮಗೆ ಬೇಡ.) ಆ ಒಣನೆಲದಲ್ಲಿ ತಲೆಮಾರುಗಳ ಆಯ್ಕೆಯಿಂದ ರೂಪುಗೊಂಡದ್ದು ‘ಬಳ್ಳಾರಿ’ ಎಂದೇ ಹೆಸರಾದ ಕುರಿತಳಿ. ಬಿಸಿಲು ತಾಳುತ್ತದೆ, ದೂರ ನಡೆಯುತ್ತದೆ, ಕೂಳೆ ಮೇಯ್ದು ಗೊಬ್ಬರ ಕೊಡುತ್ತದೆ. ವರ್ಷಕ್ಕೆ ಒಂದು ಕುರಿಯಿಂದ ಸಿಗುವ ಉಣ್ಣೆ ಅರ್ಧ ಕಿಲೋದ ಆಸುಪಾಸು. ಅಷ್ಟರಲ್ಲೇ ಕಂಬಳಿಯ ಒಂದು ಲೋಕ ನಿಂತಿತ್ತು: ನೂಲುವ ಹೆಂಗಸರು, ಹುಣಸೆಬೀಜದ ಸರಿ ಹಚ್ಚಿ ಹಾಸು ಕಟ್ಟುವವರು, ಗುಂಡಿಮಗ್ಗದಲ್ಲಿ ಕೂತ ನೇಕಾರ, ಸಂತೆಯ ವ್ಯಾಪಾರಿ.

ಆ ಸರಪಳಿಯ ಕೊನೆಯ ಕೊಂಡಿ ಮಲೆನಾಡಿನ ನಾವೇ. ನನ್ನ ಬಾಲ್ಯದಲ್ಲಿ ಕಂಬಳಿಕೊಪ್ಪೆಯಿಲ್ಲದೆ ಯಾರೂ ನಾಟಿಗೆ ಇಳಿಯುತ್ತಿರಲಿಲ್ಲ. ಉಣ್ಣೆಯು ತನ್ನ ತೂಕದ ಸುಮಾರು ಶೇ. 30ರಷ್ಟು ತೇವವನ್ನು ಹೀರಿಯೂ ಮೈಗೆ ಒದ್ದೆಯೆನಿಸುವುದಿಲ್ಲ; ಹೀರುವಾಗ ಕೊಂಚ ಶಾಖವನ್ನೂ ಬಿಡುತ್ತದೆ. ನನ್ನ ತಂದೆಯ ಕಂಬಳಿ ಹತ್ತಾರು ಮಳೆಗಾಲ ನೆನೆದು, ಬೆನ್ನಿಗೆ ಉಜ್ಜಿ, ಒಲೆಯ ಮೇಲೆ ಒಣಗಿ, ನೇಯ್ಗೆಯ ಎಳೆಯೇ ಕಾಣದಷ್ಟು ಗಟ್ಟಿಯಾಗಿತ್ತು. ನೀರು, ಶಾಖ, ಉಜ್ಜಾಟ: ಶಿಬಿರದಲ್ಲಿ ಶುಲ್ಕ ತೆತ್ತು ಕಲಿತದ್ದೂ ಇದನ್ನೇ! ಆ ಕೊಪ್ಪೆಯನ್ನು ಬಿಸುಟು ಪ್ಲಾಸ್ಟಿಕ್ ಹೊದ್ದವರು ನಾವು. ಕಂಬಳಿಯ ಸಂತೆ ಮುಚ್ಚಿದ್ದರಲ್ಲಿ ನಮ್ಮ ಪಾಲೂ ಇದೆ.

‘ಬಳ್ಳಾರಿಯ ಉಣ್ಣೆ ಒರಟು, ಫೆಲ್ಟಿಗೆ ಬಾರದು’ ಎಂದು ಶಿಬಿರದಲ್ಲಿ ನನಗೆ ಉತ್ತರ ಬಂತು. ಇದರಲ್ಲಿ ಅರ್ಧ ಸತ್ಯವಿದೆಯಾದ್ದರಿಂದ ವಿವರವಾಗಿಯೇ ನೋಡೋಣ. ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂಥ ಪದರಗಳಿದ್ದು, ಅವೆಲ್ಲ ತುದಿಯ ಕಡೆಗೆ ಮುಖ ಮಾಡಿರುತ್ತವೆ. ನೀರಿನಲ್ಲಿ ಉಜ್ಜಿದಾಗ ಎಳೆಯು ಬುಡದ ದಿಕ್ಕಿಗೆ ಸರಿಯುತ್ತದೆ, ಹಿಂದಕ್ಕೆ ಮಾತ್ರ ಬಾರದು. ಹೀಗೆ ಸರಿದ ಎಳೆಗಳು ಪರಸ್ಪರ ತೊಡರಿಕೊಂಡು ಬಿಗಿಯುತ್ತವೆ. ಮೆರಿನೊ ಎಳೆಯ ದಪ್ಪ 20 ಮೈಕ್ರಾನಿನ ಆಚೀಚೆ. ಬಳ್ಳಾರಿ ಕುರಿಯದು ಸರಾಸರಿ 50ಕ್ಕೂ ಹೆಚ್ಚು, ಅನೇಕ ಎಳೆಗಳ ನಡುವೆ ಟೊಳ್ಳು ತಿರುಳು ಬೇರೆ. ಆದ್ದರಿಂದ ಅದು ನಿಧಾನವಾಗಿ, ಸಡಿಲವಾಗಿ ಕೂಡುತ್ತದೆ, ಚರ್ಮಕ್ಕೆ ಚುಚ್ಚುತ್ತದೆ. ಕೂಸಿನ ಟೋಪಿಯನ್ನೋ ಕುತ್ತಿಗೆಯ ವಸ್ತ್ರವನ್ನೋ ಇದರಲ್ಲಿ ಮಾಡಬಾರದು, ಒಪ್ಪಿದೆ. ಆದರೆ ಕುಳಿತುಕೊಳ್ಳುವ ಹಾಸು, ಕೈಚೀಲ, ಬಿಸಿ ಪಾತ್ರೆಯ ಕೆಳಗಿನ ಬಿಲ್ಲೆ, ಚಪ್ಪಲಿಯ ಒಳಹಾಸು, ಪುಸ್ತಕದ ಹೊದಿಕೆ? ಇವಕ್ಕೆ ಬೇಕಾದುದೇ ಒರಟುತನ. ರಾಜಸ್ಥಾನದ ಟೋಂಕ್‌ನಲ್ಲಿಯೂ ಕಾಶ್ಮೀರದಲ್ಲಿಯೂ ನಮ್ದಾ ಎಂಬ ಫೆಲ್ಟ್ ಹಾಸು ಇಂದಿಗೂ ಕುಶಲಕರ್ಮಿಗಳ ಅನ್ನ. ಅದಕ್ಕೆ ಯಾರೂ ಕೂಸಿನ ಕೆನ್ನೆಯ ನಯವನ್ನು ಅಪೇಕ್ಷಿಸಿಲ್ಲ.

ನಾನು ಎರಡು ಚೀಲ ಉಣ್ಣೆ ತಂದು ಮನೆಯಲ್ಲಿ ಪ್ರಯತ್ನಿಸಿದೆ. ಮುಳ್ಳು, ಹಿಕ್ಕೆ ಆರಿಸುವುದೇ ಎರಡು ದಿನದ ಕೆಲಸ. ಅಂಟುವಾಳದ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ತೊಳೆದೆ. ತೊಳೆದ ನೀರು ಅಡಿಕೆಯ ಬುಡಕ್ಕೆ ಹೋಯಿತು. ಒಣಗಿದ್ದನ್ನು ಹಿಂಜಿ, ಒಂದು ಪದರ ಅಡ್ಡ, ಒಂದು ಪದರ ಉದ್ದ ಹಾಸಿ, ಮೊದಲ ಕತ್ತರಿಯ ಮರಿಯುಣ್ಣೆಯನ್ನು ಮೇಲೆ ಇಟ್ಟು, ಬಿಸಿ ಸಾಬೂನುನೀರು ಚಿಮುಕಿಸಿ ಚಾಪೆಯಲ್ಲಿ ಸುತ್ತಿ ಹೊರಳಿಸಿದೆ. ಮೊದಲನೆಯದು ಹರಿದುಹೋಯಿತು. ಎರಡನೆಯದಕ್ಕೆ ತಾಳ್ಮೆ ಹೆಚ್ಚಿಸಿದೆ. ಈಗ ಅದು ನನ್ನ ಕುರ್ಚಿಯ ಮೇಲಿದೆ. ರೇಷ್ಮೆಗೆ ಹುರುಪೆಗಳಿಲ್ಲ, ಅದು ತಾನಾಗಿ ಕೂಡದು. ಆದರೆ ತೆಳುವಾಗಿ ಮೇಲೆ ಹರಡಿದರೆ ಉಣ್ಣೆಯ ಎಳೆಗಳು ಅದನ್ನು ಹಿಡಿದುಕೊಳ್ಳುತ್ತವೆ, ಉಣ್ಣೆ ಕುಗ್ಗಿದಂತೆ ರೇಷ್ಮೆ ನೆರಿಗೆಗಟ್ಟಿ ಹೊಳೆಯುತ್ತದೆ. ಅದಕ್ಕೂ ಹೊರಗಿನದು ಬೇಡ. ರಾಮನಗರ, ಶಿಡ್ಲಘಟ್ಟಗಳ ಗೂಡಿನಿಂದ ನೂಲು ಬಿಚ್ಚಿದ ಮೇಲೆ ಉಳಿಯುವ ತ್ಯಾಜ್ಯ ರೇಷ್ಮೆಯನ್ನು ಸಾಬೂನುನೀರಿನಲ್ಲಿ ಕುದಿಸಿ ಅಂಟು ತೆಗೆದರೆ ಸಾಕು.

ಉಣ್ಣೆಗೆ ಬೆಲೆಯಿಲ್ಲವೆಂದಾದರೆ ಉಳಿಯುವುದು ಮಾಂಸದ ಲೆಕ್ಕ ಮಾತ್ರ. ಆ ಲೆಕ್ಕದಲ್ಲಿ ತುಪ್ಪಟವಿಲ್ಲದ ಕೆಂಗುರಿ, ನೆಲ್ಲೂರು ಟಗರುಗಳೇ ಗೆಲ್ಲುತ್ತವೆ. ಕುರಿಗಾಹಿಯನ್ನು ನಾನು ದೂರಲಾರೆ. ತುಪ್ಪಟ ಹೊರೆಯಾದಾಗ ತುಪ್ಪಟವಿಲ್ಲದ ಟಗರನ್ನು ಆತ ಹಿಂಡಿಗೆ ಬಿಡುವುದು ಸಹಜ. ಆದರೆ ಕೆಲವೇ ಪೀಳಿಗೆಗಳ ಬೆರಕೆಯಲ್ಲಿ ಕರಗಿದ ತಳಿಯನ್ನು ಯಾವ ಪ್ರಯೋಗಾಲಯವೂ ಹಿಂದಕ್ಕೆ ತಾರದು. ಕಾಲುವೆಯ ಸಿರುಗುಪ್ಪದಲ್ಲಿ ಎರಡು ಬೆಳೆ ಬಂದಲ್ಲಿ ಕೂಳೆ ಮೇಯಲು ಸಿಗುವ ದಿನಗಳೇ ಕಡಿಮೆ; ಕುಡುತಿನಿಯ ಸುತ್ತ 2010ರ ಸುಮಾರಿಗೆ ಉಕ್ಕಿನ ಕಾರ್ಖಾನೆಗಳಿಗೆಂದು ಸಾವಿರಾರು ಎಕರೆ ಸ್ವಾಧೀನವಾಯಿತು, ಭೂಮಿ ಕೊಟ್ಟ ರೈತರು 2022ರಲ್ಲಿ ಧರಣಿಗೆ ಕೂರಬೇಕಾಯಿತು. ಹೆಸರಿನಲ್ಲೇ ಉಣ್ಣೆಯಿರುವ ನಿಗಮವೊಂದು ನಮ್ಮ ರಾಜ್ಯದಲ್ಲಿದೆ. ಹೋಬಳಿಗೊಂದು ಉಣ್ಣೆ ಖರೀದಿ ಕೇಂದ್ರ, ಹಿಂಜುವ ಯಂತ್ರ, ತೊಳೆಯುವ ತೊಟ್ಟಿ ಇಷ್ಟನ್ನು ಅದರಿಂದ ಕೇಳುವುದು ಅತಿಯಾಸೆಯೇ?

ಅದಕ್ಕೂ ಮೊದಲು ನಮ್ಮಲ್ಲೇ ಒಂದು ನಿಯಮವಾಗಲಿ. ಮುಂದಿನ ಮೇಳದಲ್ಲಿ ನಮ್ಮ ಸಂಘಟನೆಯ ಹೆಸರಿನಲ್ಲಿ ಮಾರಾಟವಾಗುವ ಪ್ರತಿ ಫೆಲ್ಟ್ ವಸ್ತುವಿನ ಚೀಟಿಯ ಮೇಲೆ ಉಣ್ಣೆ ಯಾವ ಊರಿನದು, ಕುರಿಗಾಹಿಗೆ ಕಿಲೋಗೆ ಎಷ್ಟು ಕೊಟ್ಟೆವು ಎಂಬೆರಡು ಸಾಲು ಇರಬೇಕು. ಇಲ್ಲದಿದ್ದರೆ ‘ಪರಿಸರಸ್ನೇಹಿ’ ಎಂಬ ಪದವನ್ನು ಅಳಿಸಬೇಕು. ಶಿಬಿರ ನಡೆಸುವ ಗೆಳೆಯರಿಗೆ ಇದು ಕಠಿಣವೆನಿಸಬಹುದು, ಎನಿಸಲಿ. ವಿದ್ಯಾರ್ಥಿ ಮಿತ್ರರಲ್ಲಿ ನಾಲ್ಕಾರು ಮಂದಿ ನನ್ನೊಂದಿಗೆ ಕುರುಗೋಡಿನ ಹಟ್ಟಿಗಳಿಗೆ ಬರುವುದಾದರೆ ಮುಂದಿನ ಕತ್ತರಿಗೆ ಮುಂಚೆಯೇ ಹೋಗೋಣ. ಬೆಲೆಯ ಮಾತು ಉಣ್ಣೆ ಕುರಿಯ ಮೈಮೇಲಿರುವಾಗಲೇ ಆಗಬೇಕು, ಒಮ್ಮೆ ತಿಪ್ಪೆಗೆ ಬಿದ್ದು ಮಳೆ ಕುಡಿದ ಉಣ್ಣೆ ಯಾವ ಕೆಲಸಕ್ಕೂ ಬಾರದು.