ಬೆಲೆ ತಿಳಿಯುವ ಮುನ್ನ ಕೊಡುವ ಮಾತು

ದನದ ಜಾತ್ರೆಯಲ್ಲಿ ಟವಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಮಾಡುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಸುತ್ತ ನಿಂತವರಿಗೆ ಬೆಲೆ ತಿಳಿಯದು. ಕೊಳ್ಳುವವನಿಗೆ ಮಾತ್ರ ಮುಂಗಡ ಕೊಡುವ ಮೊದಲೇ ತಿಳಿದಿರುತ್ತದೆ. ಅಮೆರಿಕಾ ಸಂಯುಕ್ತ ಸಂಸ್ಥಾನದ ಅನೇಕ ಹೆಸರಾಂತ ಖಾಸಗಿ ಕಾಲೇಜುಗಳಲ್ಲಿ ‘ಅರ್ಲಿ ಡಿಸಿಷನ್’ ಎಂಬ ಪ್ರವೇಶಕ್ರಮವೊಂದುಂಟು. ಅದರಲ್ಲಿ ಕೊಳ್ಳುವವನಿಗೇ ಬೆಲೆ ತಿಳಿದಿರುವುದಿಲ್ಲವೆಂಬುದು ನನ್ನ ಆಕ್ಷೇಪಣೆ.

ಈ ಕ್ರಮವನ್ನು ಅರಿಯದ ವಾಚಕರಿಗಾಗಿ ಎರಡು ಮಾತು. ವಿದ್ಯಾರ್ಥಿಯು ಒಂದೇ ಕಾಲೇಜನ್ನು ಆರಿಸಿಕೊಂಡು ಸಾಮಾನ್ಯವಾಗಿ ನವೆಂಬರ್ ತಿಂಗಳ ಮೊದಲರ್ಧದಲ್ಲಿ ಅರ್ಜಿ ಹಾಕುತ್ತಾನೆ. ಸೀಟು ದೊರೆತರೆ ಸೇರಿಯೇ ತೀರುತ್ತೇನೆ, ಉಳಿದ ಅರ್ಜಿಗಳನ್ನೆಲ್ಲ ಹಿಂದಕ್ಕೆ ಪಡೆಯುತ್ತೇನೆ ಎಂಬ ಕರಾರಿಗೆ ಅವನೂ, ತಂದೆಯೋ ತಾಯಿಯೋ, ಶಾಲೆಯ ಸಲಹೆಗಾರರೂ ರುಜು ಹಾಕುತ್ತಾರೆ. ಡಿಸೆಂಬರ್ ನಡುವಿನಲ್ಲಿ ಉತ್ತರ ಬರುತ್ತದೆ. ಉಳಿದವರಾದರೋ ಹತ್ತಾರು ಕಡೆ ಅರ್ಜಿ ಹಾಕಿ, ಯಾರು ಎಷ್ಟು ನೆರವು ಕೊಟ್ಟರೆಂದು ಮೇ 1ರವರೆಗೆ ತೂಗಿ ನೋಡಬಹುದು. ಹಾಗಾದರೆ ಈ ಆತುರವೇತಕ್ಕೆ? ಬೇಗ ಅರ್ಜಿ ಹಾಕಿದವನಿಗೆ ಸೀಟು ಸಿಗುವ ಸಂಭವ ಹೆಚ್ಚು. ಏವರಿ, ಫೇರ್‌ಬ್ಯಾಂಕ್ಸ್, ಝೆಕ್‌ಹೌಸರ್ ಎಂಬ ಮೂವರು 2003ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅದು ಎಸ್.ಎ.ಟಿ. ಪರೀಕ್ಷೆಯಲ್ಲಿ 100 ಅಂಕ ಹೆಚ್ಚು ಪಡೆದದ್ದಕ್ಕೆ ಸಮನಾದ ಅನುಕೂಲವೆಂದು ಲೆಕ್ಕ ಹಾಕಿದ್ದಾರೆ. 100 ಅಂಕವೆಂದರೆ ಹುಡುಗಾಟವಲ್ಲ.

ಇನ್ನು ಬೆಲೆಯ ವಿಚಾರ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಸೇರುವಾಗ, ಓದುಬರಹ ಬಾರದ ನನ್ನ ತಂದೆ ಕೇಳಿದ್ದು ಒಂದೇ ಪ್ರಶ್ನೆ: “ಎಷ್ಟಾಯ್ತದೆ?” ಸೂಚನಾಫಲಕದಲ್ಲಿದ್ದ ಶುಲ್ಕವನ್ನು ಓದಿ ಹೇಳಿದೆ. ಅದಕ್ಕೆ ಪುಸ್ತಕ, ಬಸ್ ಪಾಸು ಕೂಡಿಸಿ ಒಂದು ಕುರಿ ಮಾರಿದರು. ಅಮೆರಿಕಾದ ಆ ಕಾಲೇಜುಗಳಲ್ಲಿ ಇಂಥ ಸರಳ ಪ್ರಶ್ನೆಗೆ ಸರಳ ಉತ್ತರವಿಲ್ಲ. ಊಟ ವಸತಿ ಸೇರಿ ವರ್ಷದ ಖರ್ಚು ಹಲವೆಡೆ 80 ಸಾವಿರ ಡಾಲರನ್ನು ದಾಟಿದೆಯೆಂದು ಅಚ್ಚಾಗಿರುತ್ತದೆ. ಆದರೆ ಅದು ಸಿರಿವಂತರು ಕೊಡುವ ಬೆಲೆ. ಉಳಿದವರ ಆದಾಯ, ಆಸ್ತಿ, ಸಂಸಾರದ ಗಾತ್ರ ನೋಡಿ ಕಾಲೇಜು ಒಬ್ಬೊಬ್ಬರಿಗೆ ಒಂದೊಂದು ಬೆಲೆ ಕಟ್ಟುತ್ತದೆ. ಅಂದಾಜು ತಿಳಿಸುವ ಗಣಕವೊಂದನ್ನು ತಮ್ಮ ಜಾಲತಾಣದಲ್ಲಿ ಇಡಬೇಕೆಂದು 2008ರ ಕಾನೂನು ವಿಧಿಸಿತು; 2011ರಿಂದ ಅದು ಜಾರಿಯಲ್ಲಿದೆ. ಅದರಿಂದ ಉಪಕಾರವಾಗಿದೆಯೆಂಬುದು ನಿಸ್ಸಂದೇಹ. ಆದರೂ ಅಂದಾಜು ಅಂದಾಜೇ. ಸ್ವಂತ ಅಂಗಡಿ, ತುಂಡು ಹೊಲ, ಬೇರೆಯಾದ ತಂದೆತಾಯಿ ಇರುವ ಮನೆಗಳಲ್ಲಿ ಲೆಕ್ಕ ತಪ್ಪುವುದುಂಟು.

“ನೆರವು ಸಾಲದಿದ್ದರೆ ಕರಾರಿನಿಂದ ಬಿಡುಗಡೆ ಇದೆಯಲ್ಲ?” ಎಂದು ಈ ಲೇಖನದ ಕರಡನ್ನು ಓದಿದ ಸಹಪಾಠಿಯೊಬ್ಬ ಕೇಳಿದ. ಇದೆ, ನಿಜ. ಆದರೆ ಬಿಡುಗಡೆ ಪಡೆದು ಕೈಬಿಟ್ಟದ್ದಕ್ಕಿಂತ ಮೇಲಾದದ್ದು ಸಿಕ್ಕೀತೆ ಎಂದು ಹುಡುಗನಿಗೆ ಹೇಗೆ ಗೊತ್ತು? ಹೋಲಿಸಲು ಕೈಯಲ್ಲಿ ಬೇರೊಂದು ಪತ್ರವೇ ಇಲ್ಲ. ಇಷ್ಟು ಸಾಲದೆಂದು ಕಚೇರಿಯೊಡನೆ ವಾದಿಸಲು ಕಲಿತ ತಂದೆಗೂ ಸಹಿಗೆ ಹೆಬ್ಬೆಟ್ಟು ಒತ್ತುವ ತಂದೆಗೂ ಅಂತರವಿಲ್ಲವೆ? ಹೀಗಾಗಿ ಬಡವನು ಸೇರಿದರೆ ಕುರುಡು ಮಾತು ಕೊಟ್ಟಂತೆ. ಹಿಂಜರಿದರೆ ಆ 100 ಅಂಕವನ್ನು ಸಿರಿವಂತನ ಮಗನಿಗೆ ಬಿಟ್ಟುಕೊಟ್ಟಂತೆ. ಅವನ ವಿವೇಕವನ್ನು ಜರೆದು ಫಲವಿಲ್ಲ, ಕ್ರಮವೇ ಓರೆಯಾಗಿದೆ.

ಕಾಲೇಜುಗಳಿಗೆ ಇದು ತಿಳಿಯದ್ದೇನಲ್ಲ. ಪ್ರಿನ್ಸ್‌ಟನ್ 2006ರಲ್ಲಿ ಇದನ್ನು ಕೈಬಿಡುವುದಾಗಿ ಸಾರಿತು. 2011ರಲ್ಲಿ ಬೇಗನೆಯ ಅರ್ಜಿಯನ್ನು ಮತ್ತೆ ತಂದಾಗಲೂ ಕರಾರಿನ ಕಟ್ಟನ್ನು ತರಲಿಲ್ಲ. 2025ರ ಆಗಸ್ಟ್‌ನಲ್ಲಿ 32 ಕಾಲೇಜುಗಳ ಮೇಲೆ, ಈ ಕ್ರಮದಿಂದ ಬೆಲೆ ಏರುತ್ತದೆಂದು ವಿದ್ಯಾರ್ಥಿಗಳು ಮ್ಯಾಸಚೂಸೆಟ್ಸ್‌ನ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿದರು.

ಕರಾರೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಕ್ವೆಸ್ಟ್‌ಬ್ರಿಜ್ ಎಂಬ ಸಂಸ್ಥೆಯ ಮೂಲಕ ಬಡ ವಿದ್ಯಾರ್ಥಿಗಳನ್ನು ಕಾಲೇಜುಗಳಿಗೆ ಜೋಡಿಸುವ ಯೋಜನೆಯಲ್ಲಿಯೂ ಬಹುಪಾಲು ಕಡೆ ಕಟ್ಟಿದೆ. ಆದರೆ ಆಯ್ಕೆಯಾದವನಿಗೆ ನಾಲ್ಕು ವರ್ಷದ ಪೂರ್ಣ ವಿದ್ಯಾರ್ಥಿವೇತನವೆಂದು ಮೊದಲೇ ಗೊತ್ತು. ಬೆಲೆ ಹೇಳಿ ಮಾತು ಕೇಳುತ್ತಾರೆ. ಎಲ್ಲ ಕಾಲೇಜುಗಳೂ ಮನೆಯ ಲೆಕ್ಕಪತ್ರ ನೋಡಿ ಅಕ್ಟೋಬರಿನಲ್ಲೇ ಬೆಲೆ ಬರೆದುಕೊಟ್ಟು, ಅನಂತರ ರುಜು ಕೇಳಲಿ. ಅದು ಅಸಾಧ್ಯವೆಂದು ನನಗೆ ತೋರುವುದಿಲ್ಲ.

ನಮ್ಮ ನಾಡಿನಿಂದ ಅಲ್ಲಿಗೆ ಅರ್ಜಿ ಹಾಕುವ ತಮ್ಮ ತಂಗಿಯರಿಗೆ ಕಷ್ಟ ಇನ್ನೂ ಹೆಚ್ಚು. ಪರದೇಶದವನು ನೆರವು ಬೇಡಿದನೆಂಬುದನ್ನು ಬಹಳಷ್ಟು ಕಾಲೇಜುಗಳು ಸೀಟು ಕೊಡುವಾಗಲೇ ಲೆಕ್ಕಕ್ಕೆ ಹಿಡಿಯುತ್ತವೆ. ಮೊದಲು ಬೇಡದವನು ಸೇರಿದ ಮೇಲೆ ಬೇಡುವಂತಿಲ್ಲವೆಂಬ ನಿಯಮವೂ ಹಲವೆಡೆ ಉಂಟು. ಆದುದರಿಂದ ನೆರವು ಬೇಕಾದವರು ಅರ್ಜಿಯಲ್ಲಿ ಬೇಕೆಂದೇ ಬರೆಯಲಿ, ರುಜು ಹಾಕುವ ಮೊದಲು ಕಾಲೇಜಿನ ನೆರವಿನ ಕಚೇರಿಗೆ ಪತ್ರ ಹಾಕಿ ಮೊತ್ತವೆಷ್ಟಾದೀತೆಂದು ಕೇಳಲಿ, ಬಂದ ಉತ್ತರವನ್ನು ಮನೆಯವರಿಗೆ ಕನ್ನಡದಲ್ಲಿ ಓದಿ ಹೇಳಲಿ.