ಲಕ್ವ ಹೊಡೆದವರ ಬಾಯಿಗೆ ನೀರು ಹಾಕುವ ಮೊದಲು

ಲಕ್ವ ಹೊಡೆದವರ ಮಾತು ತೊದಲಿದರೆ ಮನೆಮಂದಿಗೆಲ್ಲ ತಕ್ಷಣ ಗೊತ್ತಾಗುತ್ತದೆ. ಅದೇ ಹೊತ್ತಿಗೆ ನುಂಗುವ ಶಕ್ತಿಯೂ ಕುಂದಿರಬಹುದು ಎಂಬುದು ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ. ಗಾಬರಿಯಲ್ಲಿ ಒಬ್ಬರು ಲೋಟ ನೀರು ತರುತ್ತಾರೆ, ಇನ್ನೊಬ್ಬರು ಬಿಪಿ ಮಾತ್ರೆ ಬಾಯಿಗಿಡುತ್ತಾರೆ. ಪಾರ್ಶ್ವವಾಯುವಿನ ಮೊದಲ ದಿನಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ರೋಗಿಗಳಿಗೆ ನುಂಗುವ ತೊಂದರೆ ಇರುತ್ತದೆ. ಆದ್ದರಿಂದ ನುಂಗುವಿಕೆಯನ್ನು ಪರೀಕ್ಷಿಸದೆ ಅವರಿಗೆ ನೀರು, ಊಟ, ಮಾತ್ರೆ ಯಾವುದನ್ನೂ ಬಾಯಿಯ ಮೂಲಕ ಕೊಡಬಾರದು ಎಂಬ ನಿಯಮ ರಾಜ್ಯದ ಎಲ್ಲ ಆಸ್ಪತ್ರೆಗಳಲ್ಲೂ ಕಡ್ಡಾಯವಾಗಬೇಕು.

ಇದು ಅತಿಯಾದ ಎಚ್ಚರಿಕೆಯೇನಲ್ಲ, ಗಂಟಲಿನ ರಚನೆಯೇ ಅಂಥದ್ದು. ಗಂಟಲಲ್ಲಿ ಗಾಳಿಗೂ ಅನ್ನಕ್ಕೂ ಇರುವುದು ಒಂದೇ ದಾರಿ. ಕೆಳಗೆ ಅದು ಕವಲೊಡೆದು ಶ್ವಾಸನಾಳ ಮುಂದೆ, ಅನ್ನನಾಳ ಹಿಂದೆ ಆಗುತ್ತದೆ. ಹೀಗಾಗಿ ನುಂಗಿದ ಪ್ರತಿ ತುತ್ತೂ ಶ್ವಾಸನಾಳದ ಬಾಯಿಯನ್ನು ದಾಟಿಯೇ ಹೋಗಬೇಕು. ಈ ಅಪಾಯವನ್ನು ಡಾರ್ವಿನ್ 1859ರ ತನ್ನ ಗ್ರಂಥದಲ್ಲೇ ಗುರುತಿಸಿದ್ದ. ಕತ್ತಿನ ಮುಂದಿನ ಉಬ್ಬಿನ ಮೇಲೆ ಬೆರಳಿಟ್ಟು ಎಂಜಲು ನುಂಗಿ ನೋಡಿ. ಅದು ಮೇಲೆದ್ದು ಮತ್ತೆ ಕೆಳಗಿಳಿಯುತ್ತದೆ. ಆ ಒಂದು ಸೆಕೆಂಡಿನ ಆಚೀಚೆ ಮೃದು ಅಂಗುಳ ಮೇಲೆದ್ದು ಮೂಗಿನ ದಾರಿ ಮುಚ್ಚುತ್ತದೆ, ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಸರಿಯುತ್ತದೆ, ಎಪಿಗ್ಲಾಟಿಸ್ ಎಂಬ ಮುಚ್ಚಳ ಅದರ ಮೇಲೆ ಬಾಗುತ್ತದೆ, ಧ್ವನಿತಂತುಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಉಸಿರು ಕ್ಷಣಕಾಲ ನಿಲ್ಲುತ್ತದೆ, ಅನ್ನನಾಳದ ಬಿಗಿದ ಬಾಯಿ ಸಡಿಲಾಗುತ್ತದೆ. ಮಾತಾಡುವಾಗ ಕಂಪಿಸಿ ದನಿ ಹೊರಡಿಸುವ ತಂತುಗಳೇ ನುಂಗುವಾಗ ಶ್ವಾಸಕೋಶದ ಬಾಗಿಲು ಕಾಯುತ್ತವೆ. ನಾಲಿಗೆ, ಅಂಗುಳ, ಗಂಟಲ ಸ್ನಾಯುಗಳನ್ನು ಆಡಿಸುವ ನರಗಳೂ ಎರಡು ಕೆಲಸಕ್ಕೂ ಅವೇ. ಮಾತು ತೊದಲಿದಾಗ ನುಂಗುವುದರ ಬಗ್ಗೆಯೂ ಅನುಮಾನ ಪಡಬೇಕಾದದ್ದು ಇದಕ್ಕೇ. ಹಾಗೆಂದು ಮಾತು ಸ್ಪಷ್ಟವಾಗಿದೆ ಎಂದು ನಿಶ್ಚಿಂತರಾಗುವಂತೆಯೂ ಇಲ್ಲ.

ತಪ್ಪು ದಾರಿ ಹಿಡಿದರೆ ಕೆಮ್ಮು ಬಂದೇ ಬರುತ್ತದಲ್ಲ, ಆಗ ನಿಲ್ಲಿಸಿದರಾಯಿತು ಎನ್ನುವವರಿದ್ದಾರೆ. ಊಟದ ನಡುವೆ ನೆತ್ತಿಗೇರಿದರೆ ನಾವೆಲ್ಲ ಕೆಮ್ಮುತ್ತೇವೆ, ಪಕ್ಕದವರು ತಲೆ ತಟ್ಟುತ್ತಾರೆ, ಅಲ್ಲಿಗೆ ಮುಗಿಯಿತು. ಆದರೆ ಪಾರ್ಶ್ವವಾಯುವಿನಲ್ಲಿ ಗಂಟಲಿನ ಸ್ಪರ್ಶಜ್ಞಾನವೇ ಮಂದವಾಗಿರಬಹುದು. ಆಗ ನೀರು ಶ್ವಾಸನಾಳಕ್ಕೆ ಇಳಿದರೂ ಕೆಮ್ಮು ಬರುವುದಿಲ್ಲ, ಮುಖದಲ್ಲಿ ಸಂಕಟವೂ ಕಾಣುವುದಿಲ್ಲ. ತೆಳುವಾದ ನೀರು ವೇಗವಾಗಿ ಹರಿಯುವುದರಿಂದ, ನಿಧಾನವಾಗಿರುವ ಗಂಟಲು ಮುಚ್ಚಿಕೊಳ್ಳುವಷ್ಟರಲ್ಲಿ ಒಳಗೆ ನುಗ್ಗಿಬಿಡುತ್ತದೆ. ಬಾಯಿಯ ರೋಗಾಣುಗಳೂ ಅದರೊಂದಿಗೆ ಶ್ವಾಸಕೋಶ ಸೇರುತ್ತವೆ. ಕೆಲವು ದಿನಗಳಲ್ಲಿ ಜ್ವರ, ನ್ಯುಮೋನಿಯಾ. ಲಕ್ವದಿಂದ ಪಾರಾದವರನ್ನು ಈ ನ್ಯುಮೋನಿಯಾ ಬಲಿ ತೆಗೆದುಕೊಂಡರೆ ಅದನ್ನು ವಿಧಿಯೆಂದು ಒಪ್ಪಿ ಕೂರುವುದು ತಪ್ಪು, ಏಕೆಂದರೆ ಅದನ್ನು ಬಹುಮಟ್ಟಿಗೆ ತಡೆಯಬಹುದು.

ತಾಲ್ಲೂಕು ಆಸ್ಪತ್ರೆಯಲ್ಲಿ ತಜ್ಞರೆಲ್ಲಿದ್ದಾರೆ ಎಂಬ ಪ್ರಶ್ನೆಗೆ ತೂಕವಿದೆ. ಆದರೆ ಮೊದಲ ಹಂತದ ಪರೀಕ್ಷೆಗೆ ತಜ್ಞರೇ ಬೇಕಿಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ 19 ಪಾರ್ಶ್ವವಾಯು ಘಟಕಗಳಲ್ಲಿ ನಡೆದು 2011ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಜ್ವರ, ಸಕ್ಕರೆ, ನುಂಗುವಿಕೆ ಮೂರನ್ನೂ ನೋಡಿಕೊಂಡವರು ತರಬೇತಾದ ನರ್ಸ್‌ಗಳು. 90 ದಿನಗಳ ಬಳಿಕ ಸಾವು ಅಥವಾ ಪರಾವಲಂಬನೆಗೆ ಒಳಗಾದವರು ಈ ನರ್ಸ್‌ಗಳು ನೋಡಿಕೊಂಡ ಗುಂಪಿನಲ್ಲಿ ಶೇ 42, ಎಂದಿನ ಆರೈಕೆಯ ಗುಂಪಿನಲ್ಲಿ ಶೇ 58. ಇದರಲ್ಲಿ ನುಂಗುವ ಪರೀಕ್ಷೆಯೊಂದರ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು, ನಿಜ. ಆದರೂ ರೋಗಿ ಎಚ್ಚರವಾಗಿದ್ದಾರೆಯೇ ಎಂದು ನೋಡಿ, ನೆಟ್ಟಗೆ ಕೂರಿಸಿ, ಅಳತೆಯ ನೀರು ಕೊಟ್ಟು, ಕೆಮ್ಮು ಬಂತೇ, ದನಿ ನೀರು ತುಂಬಿದಂತೆ ಗೊರಗೊರ ಎನ್ನುತ್ತಿದೆಯೇ ಎಂದು ಗಮನಿಸುವುದಕ್ಕೆ ಹಣಕ್ಕಿಂತ ತರಬೇತಿ ಬೇಕು. ಅದನ್ನು ಕೊಡಬಲ್ಲ ಸಂಸ್ಥೆಗಳು ನಮ್ಮಲ್ಲೇ ಇವೆ: 1965ರಿಂದ ಮೈಸೂರಿನಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮತ್ತು ಬೆಂಗಳೂರಿನ ನಿಮ್ಹಾನ್ಸ್.

ಬಾಯಾರಿದವರಿಗೆ ನೀರು ಕೊಡದಿರುವುದು ಕ್ರೌರ್ಯ ಎಂಬ ಮಾತು ಕರುಳಿನಿಂದ ಬರುವಂಥದ್ದು. ಆದರೆ ಪರೀಕ್ಷೆ ಮುಗಿಯುವವರೆಗೆ ದೇಹಕ್ಕೆ ಡ್ರಿಪ್ ಮೂಲಕ ನೀರು ಕೊಡಬಹುದು, ಒಣಗಿದ ಬಾಯಿಯನ್ನು ಒದ್ದೆ ಬಟ್ಟೆಯಿಂದ ಒರೆಸಬಹುದು. ಮನೆಯಲ್ಲಿ ಯಾರದಾದರೂ ಬಾಯಿ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ. ವಾರ್ಡಿನಲ್ಲಿ ಮೊದಲ ಲೋಟ ನೀರು ಬಂದಾಗ ಸಂಕೋಚಪಡದೆ ಕೇಳಿ: ಇವರ ನುಂಗುವ ಪರೀಕ್ಷೆ ಆಗಿದೆಯೇ?