ಪರದೇಶಿ ಯಾರ ಹೊಣೆ?

ಮೂರು ವರ್ಷಗಳ ಹಿಂದಿನ ನವೆಂಬರು. ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ನಾನು ಕನ್ನಡ ಪಾಠ ಹೇಳುವ ಕಾಲೇಜಿನಲ್ಲಿ ರಾಜ್ಯೋತ್ಸವದ ಸಮಾರಂಭ. ಧ್ವಜವಾಯಿತು, ನಾಡಗೀತೆಯಾಯಿತು, ಅಧ್ಯಕ್ಷರ ಭಾಷಣ ಬೇಕಾದುದಕ್ಕಿಂತ ಹೆಚ್ಚಾಗಿಯೇ ಆಯಿತು. ಕೊನೆಗೆ, ಕೀನ್ಯಾ ದೇಶದಿಂದ ಬಂದು ನಮ್ಮಲ್ಲಿ ಬಿ.ಕಾಂ. ಓದುತ್ತಿದ್ದ ಹುಡುಗನೊಬ್ಬನನ್ನು ವೇದಿಕೆ ಹತ್ತಿಸಿ, ಹೆಗಲಿಗೆ ಅರಿಸಿನ ಕುಂಕುಮ ಬಣ್ಣದ ಶಲ್ಯ ಹೊದಿಸಿ, ಧ್ವನಿವರ್ಧಕದ ಮುಂದೆ ನಿಲ್ಲಿಸಿದರು. ಆತ "ನನಗೆ ಕನ್ನಡ ಎಂದರೆ ಪ್ರಾಣ" ಎಂದ. ಸಭೆಗೆ ಸಭೆಯೇ ಹುಚ್ಚೆದ್ದು ಚಪ್ಪಾಳೆ ತಟ್ಟಿತು. ನನ್ನ ಕಣ್ಣೂ ಒದ್ದೆಯಾಯಿತೆಂದು ಒಪ್ಪಿಕೊಳ್ಳುತ್ತೇನೆ. ವೇದಿಕೆಯಿಂದ ಇಳಿದ ಹುಡುಗ ನೇರವಾಗಿ ನನ್ನ ಬಳಿಗೆ ಬಂದು ಇಂಗ್ಲಿಷಿನಲ್ಲಿ ಕೇಳಿದ: "ಸಾರ್, ನಾನು ಈಗ ಹೇಳಿದ್ದೇನು?"

ಅಂದು ನಕ್ಕು ಉತ್ತರ ಕೊಟ್ಟೆ. ಅದು ನಗುವ ಪ್ರಶ್ನೆಯಾಗಿರಲಿಲ್ಲ. ಆತ ನಮ್ಮ ನಡುವೆ ಬಂದು ಅಷ್ಟರಲ್ಲಿ ಒಂದೂವರೆ ವರ್ಷವಾಗಿತ್ತು.

2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ನಮ್ಮ ಸೀಮೆಯಲ್ಲಿ ಬದಲಾಗದೆ ಉಳಿದದ್ದು ಕಡಿಮೆ. ರಾಗಿಯ ಹೊಲಗಳು ನಿವೇಶನಗಳಾದವು. ನಿವೇಶನಗಳ ನಡುವೆ ಕಾಲೇಜುಗಳೆದ್ದವು. ಕಾಲೇಜುಗಳ ಬೋರ್ಡುಗಳ ಮೇಲೆ 'ಇಂಟರ್‌ನ್ಯಾಷನಲ್' ಎಂಬ ಮಾತು ಬಂದು ಕೂತಿತು. ಹೊರದೇಶದ ವಿದ್ಯಾರ್ಥಿಗಳನ್ನು ಕರೆಯುವುದು ಹೊಸದೇನೂ ಅಲ್ಲ. 1950ರಲ್ಲಿ ಹುಟ್ಟಿದ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು ಎಷ್ಟೋ ಕಾಲದಿಂದ ಅವರಿಗೆ ವಿದ್ಯಾರ್ಥಿವೇತನ ಕೊಡುತ್ತ ಬಂದಿದೆ. 2018ರಲ್ಲಿ ಕೇಂದ್ರ ಸರ್ಕಾರ 'ಸ್ಟಡಿ ಇನ್ ಇಂಡಿಯಾ' ಎಂದು ಹೆಸರಿಟ್ಟು ಬಹಿರಂಗವಾಗಿಯೇ ಕರೆಯತೊಡಗಿತು. ಎಲ್ಲರೂ ಇದನ್ನು ವಿನಿಮಯವೆನ್ನುತ್ತಾರೆ. ವಿನಿಮಯವೆಂದರೆ ಕೊಟ್ಟು ಕೊಳ್ಳುವುದು. ಬಂದವರು ಶುಲ್ಕ ಕೊಡುತ್ತಾರೆ, ಬಾಡಿಗೆ ಕೊಡುತ್ತಾರೆ, ಕಾಲೇಜಿನ ಕರಪತ್ರಕ್ಕೆ ತಮ್ಮ ಮುಖವನ್ನೂ ಕೊಡುತ್ತಾರೆ. ನಾವು ಕೊಡುವುದು ಪದವಿಯೊಂದನ್ನೇ. ಆ ಪದವಿ ಇನ್ನೆಲ್ಲಿಯಾದರೂ ಸಿಕ್ಕೀತು. ದೊಡ್ಡಬಳ್ಳಾಪುರಕ್ಕೇ ಬಂದು ಪಡೆಯಬೇಕಾದುದೇನಲ್ಲ.

ಇಲ್ಲಿ ನೆಲೆಯೂರಲು ಆತ ಮಾಡಬೇಕಾದುದರ ಪಟ್ಟಿ ಮಾತ್ರ ಉದ್ದವಾಗಿದೆ. ವೀಸಾ 180 ದಿನಗಳಿಗಿಂತ ಹೆಚ್ಚಿನದಾದರೆ, ಬಂದಿಳಿದ 14 ದಿನಗಳೊಳಗೆ ವಿದೇಶೀಯರ ನೋಂದಣಿ ಕಚೇರಿಯಲ್ಲಿ ಹೆಸರು ಬರೆಸಬೇಕು. ಆತ ಬಂದ ಕಾಲದಲ್ಲಿ ಮನೆ ಕೊಟ್ಟವರು 'ಸಿ' ಫಾರಂ ತುಂಬಬೇಕಿತ್ತು. ನಿಯಮ ತಪ್ಪೆಂದು ನಾನು ಹೇಳುತ್ತಿಲ್ಲ. ಯಾವ ದೇಶವೂ ಬಂದವರ ಲೆಕ್ಕ ಇಡಬೇಕಾದುದೇ. ಆದರೆ ಆ ಫಾರಂ ತುಂಬುವ ಬೇಸರಕ್ಕೆ ಮನೆಯನ್ನೇ ಕೊಡದವರಿದ್ದಾರೆ. ಕೊಟ್ಟವರಲ್ಲಿ, ಊರಿನ ಹುಡುಗರಿಗೆ ಒಂದು ಬಾಡಿಗೆ, ಇವರಿಗೆ ಇನ್ನೊಂದು ಎನ್ನುವವರಿದ್ದಾರೆ. ಹೀಗೇಕೆಂದು ಕೇಳಬೇಕಾದರೆ ಮಾತು ಬೇಕು. ಆ ಮಾತನ್ನು ಕಲಿಸಬೇಕಾದವನು ಯಾರು? ಕನ್ನಡದ ಮೇಷ್ಟರು, ಎಂದರೆ ನಾನು.

ನಾನು ಮಾಡಿದ್ದನ್ನು ಹೇಳಿಬಿಡುತ್ತೇನೆ. ಮೊದಲ ವಾರ ಆತ ದಾರಿ ತಪ್ಪಿ ನನ್ನ ತರಗತಿಗೆ ಬಂದು ಕುಳಿತ. ಹಾಜರಿ ಕೂಗುವಾಗ ಕಣ್ಣಿಗೆ ಬಿದ್ದ. ಬಹಳ ಮರ್ಯಾದೆಯಿಂದ, ಬಹಳ ಒಳ್ಳೆಯ ಇಂಗ್ಲಿಷಿನಲ್ಲಿ, "ಇದು ನಿನಗಲ್ಲ ತಮ್ಮಾ, ನಿನಗೆ ಅಡಿಷನಲ್ ಇಂಗ್ಲಿಷ್ ಇದೆ, ಈ ಹೊತ್ತು ಲೈಬ್ರರಿಯಲ್ಲಿ ಕೂತಿರು" ಎಂದು ಕಳುಹಿಸಿದೆ. ಉಪಕಾರ ಮಾಡಿದೆನೆಂದೇ ನನ್ನ ಭಾವನೆ. ಊರಿಡೀ ಕನ್ನಡ ತುಂಬಿರುವ ಕಡೆ ಕನ್ನಡ ಸಿಕ್ಕಬಹುದಾಗಿದ್ದ ಒಂದು ಕೋಣೆಯಿಂದ, ಕನ್ನಡದ ಸಂಬಳ ತಿನ್ನುವವನೇ ಅವನನ್ನು ಹೊರಗೆ ಹಾಕಿದ್ದ.

ಕೊನೆಗೆ ಅವನಿಗೆ ಕನ್ನಡ ಕಲಿಸಿದವರು ಬೇರೆ. ರಾಜ್ಯೋತ್ಸವ ಕಳೆದ ಎರಡು ತಿಂಗಳಿಗೆ ಆತ ಬಾಡಿಗೆ ತಾಳಲಾರದೆ, ದೊಡ್ಡಬಳ್ಳಾಪುರದ ಮಗ್ಗದ ಬೀದಿಯೊಂದರಲ್ಲಿ ಮಹಡಿಯ ಮೇಲಿನ ಕೋಣೆ ಹಿಡಿದ. ಕೆಳಗೆ ನಾಲ್ಕು ವಿದ್ಯುತ್ ಮಗ್ಗಗಳು. ಮಗ್ಗದವರ ಮನೆಯ ಅಜ್ಜಿ ಬೆಳಿಗ್ಗೆ ಎದುರಾದಾಗಲೆಲ್ಲ "ಊಟ ಆಯ್ತೇನಪ್ಪ?" ಎನ್ನುತ್ತಿದ್ದರಂತೆ. ಇದಕ್ಕೆ "ಆಯ್ತಮ್ಮ" ಎಂದು ಹೇಳಿ ಮುಂದೆ ಹೋಗಬೇಕೆಂಬುದು ನಮಗೆ ಗೊತ್ತು, ಅವನಿಗೆ ಹೇಳಿದವರಾರು? ಯಾರಿಂದಲೋ ಅರ್ಥ ಕೇಳಿ ತಿಳಿದುಕೊಂಡು, ಮಾರನೆಯ ದಿನ ಸತ್ಯವನ್ನೇ ನುಡಿದ: "ಇಲ್ಲ." ಅಜ್ಜಿ ಕೂರಿಸಿ ಮುದ್ದೆ ಬಡಿಸಿದರು. ಆ ಮೇಲೆ ಆತ ಎಷ್ಟು ದಿನ ಸತ್ಯವನ್ನೇ ನುಡಿದನೊ ನಾನು ವಿಚಾರಿಸಿಲ್ಲ. ಮುದ್ದೆ ನೋಡಿ ಅವನಿಗೆ ತನ್ನ ಮನೆಯ ಉಗಾಲಿ ನೆನಪಾಯಿತಂತೆ. ಅದು ಜೋಳದ ಹಿಟ್ಟಿನದು, ಬಿಳಿ. ನಮ್ಮ ರಾಗಿಯ ಮೂಲವೇ ಪೂರ್ವ ಆಫ್ರಿಕದ ಎತ್ತರದ ನೆಲವೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಸಾವಿರಾರು ವರ್ಷಗಳ ಹಿಂದೆ ಅದು ಇಲ್ಲಿಗೆ ಬಂದಾಗ ಯಾರೂ 'ಸಿ' ಫಾರಂ ಕೇಳಿದಂತಿಲ್ಲ.

ಆ ಮನೆಯವರ ಮನೆಮಾತು ತೆಲುಗು. ಬೀದಿಯಲ್ಲಿ ಕನ್ನಡ, ಎದುರು ಮನೆಯಲ್ಲಿ ಉರ್ದು. ದೊಡ್ಡಬಳ್ಳಾಪುರ, ಹೊಸಕೋಟೆ, ದೇವನಹಳ್ಳಿಗಳ ಜನಕ್ಕೆ ಇದು ನಿತ್ಯದ ಸಂಗತಿ. ಆತ ತಾನಾಗಿ ಕಲಿತ ಮೊದಲ ವಾಕ್ಯ "ಕರೆಂಟು ಹೋಯ್ತು." ಇಡೀ ಬೀದಿಯ ಮಗ್ಗಗಳು ಒಮ್ಮೆಗೇ ಸುಮ್ಮನಾಗುವಾಗ ಎಲ್ಲರ ಬಾಯಲ್ಲೂ ಬರುವ ಮಾತು. ಲಾಳಿ, ನೂಲು, ಸಾಲ, ಬಡ್ಡಿ ಆ ಮೇಲೆ ಬಂದವು. ಸ್ವಾಹಿಲಿಯ 'ಸಬೂನಿ' ನಮ್ಮ ಸಾಬೂನೆಂದೂ 'ದೂಕಾ' ನಮ್ಮ ದುಕಾನೆಂದೂ ತಾನೇ ಕಂಡುಕೊಂಡ. ಮೂರನೆಯ ವರ್ಷ ನನ್ನ ಕೋಣೆಗೆ ಬಂದು ಕನ್ನಡದಲ್ಲೇ ಮಾತನಾಡಿದಾಗ, ನಾನು ಅಭ್ಯಾಸಬಲದಿಂದ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟೆ. ನಾಚಿಕೆಯ ಮಾತು, ಬರೆದಿದ್ದೇನೆ.

ಅವನಿಂದ ನಾನೂ ಒಂದು ಶಬ್ದ ಕಲಿತೆ. ಸ್ವಾಹಿಲಿಯಲ್ಲಿ 'ಮ್ಗೆನಿ' ಎಂದರೆ ಹೊರಗಿನವನು. ಅತಿಥಿ ಎಂದರೂ ಅದೇ ಶಬ್ದ. ನಮ್ಮಲ್ಲಿ ಹೊರದೇಶದವನು ಪರದೇಶಿ, ದಿಕ್ಕಿಲ್ಲದವನೂ ಪರದೇಶಿ. "ಪರದೇಶಿಯಾದೆನಲ್ಲಪ್ಪ" ಎಂದು ಅಳುವವರು ಊರು ಬಿಟ್ಟಿರುವುದಿಲ್ಲ, ತಮ್ಮವರನ್ನು ಕಳೆದುಕೊಂಡಿರುತ್ತಾರೆ. ಶಬ್ದ ಮಾಡಿದವರಿಗೆ ಲೋಕ ಗೊತ್ತಿತ್ತು.

2016ರ ಜನವರಿ 31ರ ರಾತ್ರಿಯನ್ನು ಓದುಗರು ಮರೆತಿರಲಾರರು. ದೊಡ್ಡಬಳ್ಳಾಪುರ, ನೆಲಮಂಗಲಗಳಿಗೆ ಹೆಚ್ಚು ದೂರವಲ್ಲದ ಹೆಸರಘಟ್ಟ ರಸ್ತೆಯ ಕಡೆ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಹರಿದು ಸ್ಥಳೀಯ ಹೆಂಗಸೊಬ್ಬರು ತೀರಿಕೊಂಡರು. ಸುಮಾರು ಅರ್ಧ ಗಂಟೆಯ ತರುವಾಯ ಅದೇ ದಾರಿಯಲ್ಲಿ ಟಾಂಜಾನಿಯ ದೇಶದ 21 ವರ್ಷದ ವಿದ್ಯಾರ್ಥಿನಿ ಗೆಳೆಯರೊಡನೆ ಬಂದಳು. ಅವಳಿಗೂ ಆ ಅಪಘಾತಕ್ಕೂ ಯಾವ ಸಂಬಂಧವೂ ಇರಲಿಲ್ಲ. ದೇಶ ಬೇರೆ, ಕಾರು ಬೇರೆ. ಗುಂಪು ಅವಳನ್ನು ಹೊಡೆಯಿತು, ಕಾರಿಗೆ ಬೆಂಕಿಯಿಟ್ಟಿತು. ಅವಳಿಗೆ ಕನ್ನಡ ಬಂದಿದ್ದರೆ ಪಾರಾಗುತ್ತಿದ್ದಳೆ? ಹಾಗೆಂದು ಹೇಳಿದರೆ ಅದು ಸುಳ್ಳಾದೀತು, ಅನ್ಯಾಯವೂ ಆದೀತು. ಮೈಬಣ್ಣವನ್ನಷ್ಟೇ ನೋಡಿ ಕೈಯೆತ್ತಿದವರು ಮಾತಿಗಾಗಿ ಕಾಯುತ್ತಿರಲಿಲ್ಲ. ತಪ್ಪು ಹೊಡೆದವರದು, ಅದನ್ನು ಯಾವ ವ್ಯಾಕರಣದಿಂದಲೂ ಹಂಚಲಾಗದು. ನಾನು ಕೇಳುವುದು ಬೇರೆ. ಅಂಥ ಬೀದಿಯಲ್ಲಿ ಇಂಥ ಮಕ್ಕಳನ್ನು ಹೆಸರು ಹಿಡಿದು ಕರೆಯುವ ಹತ್ತು ಮನೆಗಳಿದ್ದರೆ, ಒಂದು ಬಾಗಿಲಾದರೂ ತೆರೆಯುತ್ತಿರಲಿಲ್ಲವೆ? ನಮ್ಮ ಮಗ್ಗದ ಬೀದಿಯಲ್ಲಿ ಆ ಅಜ್ಜಿ ಬಾಗಿಲು ಹಾಕಿಕೊಂಡು ಕೂರುತ್ತಿದ್ದರೆಂದು ನಾನು ನಂಬಲಾರೆ. ಕನ್ನಡ ಕಲಿಸುವುದು ಬಂದವನ ಅನುಕೂಲಕ್ಕೆ ಮಾತ್ರವಲ್ಲ. ಬೀದಿಗೆ ಅವನು ಯಾರೆಂದು ತಿಳಿಯಬೇಕು.

"ಮೂರು ವರ್ಷಕ್ಕೆ ಬಂದು ಹೋಗುವವನಿಗೆ ಕನ್ನಡವೇಕೆ? ಇಂಗ್ಲಿಷು ಸಾಲದೆ?" ಎಂದು ನನ್ನ ಸಹೋದ್ಯೋಗಿ ಮಿತ್ರರೊಬ್ಬರು ಕೇಳಿದರು. ಅವರ ಮಗಳೇ ಜರ್ಮನಿಯಲ್ಲಿ ಎರಡು ವರ್ಷದ ಎಂ.ಎಸ್. ಓದಲು ಹೊರಟು, ಪಾಠವೆಲ್ಲ ಇಂಗ್ಲಿಷಿನಲ್ಲೇ ಇದ್ದರೂ, ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನಕ್ಕೆ ಹಣ ಕಟ್ಟಿ ಜರ್ಮನ್ ಕಲಿತಳು. ಅಂಗಡಿ, ಬಸ್ಸು, ಮನೆ ಬೇಡವೆ ಎಂದು ಅಂದು ವಿವರಿಸಿದವರು ಇವರೇ. ಜರ್ಮನಿಯಲ್ಲಿ ಅಂಗಡಿಯಿದೆ, ದೊಡ್ಡಬಳ್ಳಾಪುರದಲ್ಲಿಲ್ಲ ಎಂದಾಯಿತು.

ಇನ್ನೊಂದು ಪಕ್ಷದವರು, "ಕರ್ನಾಟಕದ ಅನ್ನ ತಿನ್ನುವವರು ಕನ್ನಡ ಕಲಿಯಲೇಬೇಕು" ಎಂದು ಗುಡುಗುತ್ತಾರೆ. ಎಲ್ಲಿ ಕಲಿಯಬೇಕು, ಸ್ವಾಮಿ? ಯಾರು ಕಲಿಸುತ್ತಾರೆ? ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿರುವ ಕಿಟ್ಟೆಲ್ಲರ ಪ್ರತಿಮೆಯನ್ನು ತೋರಿಸಿ, "ನೋಡಿ, ಹೊರಗಿನವನೊಬ್ಬ ಹೇಗೆ ಕಲಿತ" ಎನ್ನುತ್ತೇವೆ. 1853ರಲ್ಲಿ ಇಪ್ಪತ್ತೊಂದರ ಪ್ರಾಯದಲ್ಲಿ ಬಂದ ಆ ಜರ್ಮನ್ ತರುಣ 1894ರಲ್ಲಿ ಸುಮಾರು 70 ಸಾವಿರ ಶಬ್ದಗಳ ನಿಘಂಟು ಕೊಟ್ಟದ್ದು ನಿಜ. ಆದರೆ ಅಂದಿನ ಧಾರವಾಡದ ಜನಕ್ಕೆ ನಮ್ಮಷ್ಟು ಇಂಗ್ಲಿಷು ಬಂದಿದ್ದು, ನಮ್ಮಷ್ಟೇ ಉತ್ಸಾಹದಿಂದ ಅದನ್ನು ಅವರ ಮೇಲೆ ಪ್ರಯೋಗಿಸಿದ್ದರೆ, ಕಿಟ್ಟೆಲ್ಲರು "ಸ್ವಲ್ಪ ಅಡ್ಜಸ್ಟ್ ಮಾಡಿ" ಎನ್ನುವಷ್ಟು ಕಲಿತು ಊರಿಗೆ ಮರಳುತ್ತಿದ್ದರು.

ಏನೂ ನಡೆದಿಲ್ಲವೆಂದಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಇಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಕನ್ನಡ ಬಾರದವರಿಗೆಂದು 'ಬಳಕೆ ಕನ್ನಡ' ಎಂಬ ಪಾಠ ಇಟ್ಟಿದೆ. ಹೆಸರು ಸೊಗಸಾಗಿದೆ. ಇರುವುದು ಒಂದು ಕ್ರೆಡಿಟ್ಟು, ಪರೀಕ್ಷೆಯಲ್ಲಿ ಕೊಟ್ಟ ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವ ಕೆಲಸ. ಆಟೋದವನು ನಾಲ್ಕು ಉತ್ತರ ಮುಂದಿಟ್ಟು ಸರಿಯಾದುದನ್ನು ಆರಿಸು ಎನ್ನುವುದಿಲ್ಲ. ಬೇಕಾದುದು ಅಂಕವಿಲ್ಲದ, ಪರೀಕ್ಷೆಯಿಲ್ಲದ, ಬಾಯಿಮಾತಿನ ಪಾಠ. ಬಂದ ಮೊದಲ ಆರು ವಾರ, ದಿನಕ್ಕೊಂದು ಗಂಟೆ. ಅರ್ಧ ಕೋಣೆಯಲ್ಲಿ, ಅರ್ಧ ಬಸ್ ನಿಲ್ದಾಣದಲ್ಲಿ, ಸಂತೆಯಲ್ಲಿ, ಸರ್ಕಾರಿ ಆಸ್ಪತ್ರೆಯ ಚೀಟಿ ಕೊಡುವ ಕಿಟಕಿಯ ಮುಂದೆ. ಖರ್ಚು ಅವರು ಕಟ್ಟುವ ಶುಲ್ಕದಿಂದಲೇ ಹೊರಡಲಿ. ಬಿಹಾರದಿಂದ, ಅಸ್ಸಾಮಿನಿಂದ ಬಂದ ಮಕ್ಕಳೂ ಕುಳಿತುಕೊಳ್ಳಲಿ. ಅವರ ಪಾಡೂ ಇದಕ್ಕಿಂತ ಬಹಳ ಬೇರೆಯಲ್ಲ.

ಈ ಯೋಜನೆಯನ್ನು ಬರೆದು ನಮ್ಮ ಆಡಳಿತದವರಿಗೆ ಕೊಟ್ಟೆ. ಬೋಧನೆಯ ಲೆಕ್ಕಕ್ಕೆ ಹಿಡಿಯಬಾರದು, ಸಂಭಾವನೆ ಕೇಳಬಾರದು ಎಂಬ ಷರತ್ತಿನ ಮೇಲೆ ಸಂಜೆ ನಾಲ್ಕೂವರೆಯ ತರುವಾಯ ಒಂದು ಕೋಣೆ ಕೊಟ್ಟಿದ್ದಾರೆ. ಈ ಸಲ ಹೊರದೇಶದಿಂದ ಬಂದವರು ನಾಲ್ವರು. ಮೊದಲ ದಿನ ಇಬ್ಬರು ಬಂದರು. ನಾನು ಅ ಆ ಇ ಈ ಬರೆಯಲೆಂದು ಸೀಮೆಸುಣ್ಣ ಕೈಗೆತ್ತಿಕೊಳ್ಳುತ್ತಿದ್ದಂತೆ ಅವರಲ್ಲಿ ಒಬ್ಬಳು ಎದ್ದು ನಿಂತು, "ಪಕ್ಕದ ಕೋಣೆಯವರಿಗಿಂತ ನನಗೇಕೆ ಬಾಡಿಗೆ ಹೆಚ್ಚು?" ಎನ್ನುವುದನ್ನು ಕನ್ನಡದಲ್ಲಿ ಹೇಗೆ ಹೇಳಬೇಕೆಂದು ಕೇಳಿದಳು. ಸೀಮೆಸುಣ್ಣ ಕೆಳಗಿಟ್ಟು ಅಲ್ಲಿಂದಲೇ ಪಾಠ ಶುರುಮಾಡಿದೆ.